ಹತ್ತು ಕೆಜಿ ಆಗ್ಲಿ ಅಂತ ಕಾಯ್ಬೇಡಿ

ಚಿಕ್ಕಮ್ಮ, ನೀವು ಗ್ರೂಪಲ್ಲಿ ಹಾಕಿದ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಓದ್ದೆ. ಎರಡೂವರೆ ತಿಂಗಳ ಮಗು, ತೂಕ 3.4 ಕೆಜಿ, 8 ಮಿಲಿಮೀಟರ್ ವಿಎಸ್‌ಡಿ. ಅಂದ್ರೆ ಹೃದಯದ ಕೆಳಗಿನ ಎರಡು ಕೋಣೆಗಳ ಮಧ್ಯದ ಗೋಡೇಲಿ ತೂತು. ಡಾಕ್ಟ್ರು ನಾಲ್ಕು ತಿಂಗಳೊಳಗೆ ಆಪರೇಷನ್ ಅಂದಿದ್ದಾರೆ, ಮನೇಲಿ ದೊಡ್ಡೋರು "ಹತ್ತು ಕೆಜಿ ಆಗ್ಲಿ, ತಾನಾಗೇ ಮುಚ್ಕೊಳ್ಳುತ್ತೆ" ಅಂತಿದ್ದಾರೆ. ದಯವಿಟ್ಟು ಕಾಯ್ಬೇಡಿ. ಅಜ್ಜಿಗೂ ಇದನ್ನ ಕೇಳ್ಸಿ.

ತಾನಾಗೇ ಮುಚ್ಚೋದು ಎರಡು-ಮೂರು ಮಿಲಿಮೀಟರಿನ ಸಣ್ಣ ತೂತು, ಅದೂ ಹೆಚ್ಚಾಗಿ ಸ್ನಾಯುವಿನ ಭಾಗದಲ್ಲಿದ್ರೆ. ಈ ಮಗೂದು ಮಹಾಪಧಮನಿ, ಅಂದ್ರೆ ಹೃದಯದಿಂದ ಮೈಗೆಲ್ಲಾ ರಕ್ತ ಒಯ್ಯೋ ದೊಡ್ಡ ನಾಳದ ಬಾಯಷ್ಟೇ ಅಗಲ ಇದೆ. ಹುಟ್ಟಿದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರ್ತವೆ, ಅದಕ್ಕೇ ಮೊದಲ ತಿಂಗಳು ಏನೂ ಗೊತ್ತಾಗ್ಲಿಲ್ಲ. ಆರೆಂಟು ವಾರಕ್ಕೆ ಅವು ಸಡಿಲ ಆದ್ವು, ಎಡಗಡೆ ರಕ್ತ ತೂತಿನಿಂದ ಬಲಕ್ಕೆ ನುಗ್ಗಿ ಶ್ವಾಸಕೋಶಕ್ಕೆ ಹೋಗ್ತಿದೆ. ಹಾಲು ಕುಡಿಯೋವಾಗ ಹಣೆ ಬೆವರೋದು, ನಾಲ್ಕು ಗುಟುಕಿಗೇ ಸುಸ್ತಾಗೋದು, ಮಲಗಿದ್ದಾಗಲೂ ನಿಮಿಷಕ್ಕೆ 60ಕ್ಕಿಂತ ಹೆಚ್ಚು ಉಸಿರು, ಎಲ್ಲಾ ಅದರಿಂದಲೇ. ಕುಡಿದ ಹಾಲಿನ ಶಕ್ತಿ ಉಸಿರಾಡೋಕೇ ಖರ್ಚಾಗ್ತಿದೆ. ತೂಕ ಬರದೇ ಇರೋದಕ್ಕೆ ಆ ತೂತೇ ಕಾರಣ, ಮುಚ್ಚೋವರೆಗೂ ಸರಿಯಾಗಿ ಬರೋದು ಕಷ್ಟ.

ನಂಗೆ ಜಾಸ್ತಿ ಭಯ ಇರೋದು ಮುಂದಿನದ್ದು. ಅಷ್ಟು ಒತ್ತಡದಲ್ಲಿ ರಕ್ತ ಬಡೀತಾ ಇದ್ರೆ ಶ್ವಾಸಕೋಶದ ನಾಳಗಳ ಗೋಡೆ ದಪ್ಪ ಆಗುತ್ತೆ. ವರ್ಷ, ಎರಡು ವರ್ಷದಲ್ಲಿ ಅದು ವಾಪಸ್ ಸರಿಹೋಗದ ಹಂತಕ್ಕೆ ಹೋಗ್ಬಹುದು. ಡೌನ್ ಸಿಂಡ್ರೋಮ್ ಇರೋ ಮಕ್ಕಳಲ್ಲಿ ಇನ್ನೂ ಬೇಗ. ಆಗ ಮಗು ನೋಡೋಕೆ ಸುಧಾರಿಸಿದ ಹಾಗೇ ಕಾಣುತ್ತೆ: ಉಸಿರಾಟ ನಿಧಾನ ಆಗುತ್ತೆ, ಬೆವರು ನಿಲ್ಲುತ್ತೆ. ಮನೆಯವ್ರು ವಾಸಿಯಾಯ್ತು ಅನ್ಕೊಳ್ತಾರೆ. ಆದ್ರೆ ಆಮೇಲೆ ತೂತು ಮುಚ್ಚಿದ್ರೆ ಬಲಗಡೆ ಹೃದಯ ಆ ಒತ್ತಡ ತಡ್ಕೊಳ್ಳಲ್ಲ, ಸರ್ಜನ್ನು ಆಪರೇಷನ್ನೇ ಆಗಲ್ಲ ಅಂತಾರೆ.

ಮೈಯಲ್ಲಿ ಸೇರಿದ ಹೆಚ್ಚಿನ ನೀರನ್ನ ಮೂತ್ರದಲ್ಲಿ ಹೊರಹಾಕೋ ಲ್ಯಾಸಿಕ್ಸ್ ಥರದ ಔಷಧಿ ಬರೀ ಸಮಯ ಕೊಡುತ್ತೆ. ಚಮಚ ಬೇಡ, ಸಿರಿಂಜಲ್ಲೇ ಅಳೀರಿ. ಎರಡು-ಮೂರು ಗಂಟೆಗೊಮ್ಮೆ ಹಾಲು, ಒಂದು ಸಲಕ್ಕೆ ಅರ್ಧ ಗಂಟೆ ಮೀರ್ಬಾರ್ದು. ಕುಡಿಯಕ್ಕಾಗದೇ ಇದ್ರೆ ಮೂಗಿನ ಟ್ಯೂಬಲ್ಲಿ ಹಿಂಡಿದ ಎದೆಹಾಲು ಕೊಡೋದನ್ನ ಡಾಕ್ಟ್ರ ಹತ್ರ ಕೇಳಿ, ಅದಕ್ಕೆ ಹೆದರ್ಬೇಡಿ. ನೀರು, ಗ್ರೈಪ್ ವಾಟರ್ ಬೇಡ, ಪುಟ್ಟ ಹೊಟ್ಟೇಲಿ ಹಾಲಿನ ಜಾಗ ಹೋಗುತ್ತೆ. ವಾರಕ್ಕೊಮ್ಮೆ ಒಂದೇ ತಕ್ಕಡೀಲಿ ತೂಗಿ ಬರೆದಿಡಿ. ನಾಮಕರಣಕ್ಕೆ ಜನ ಸೇರಿಸ್ಬೇಡಿ, ಯಾರಿಂದಾದ್ರೂ ನೆಗಡಿ ಅಂಟ್ಬಹುದು. ಎದೇಲಿ ಕಫ ಕಟ್ಟಿದ್ರೆ ಅರಿವಳಿಕೆ ಅಪಾಯ, ಆಪರೇಷನ್ ವಾರಗಟ್ಟಲೆ ಮುಂದಕ್ಕೆ ಹೋಗುತ್ತೆ.

ಆಪರೇಷನ್ನಲ್ಲಿ ಎದೆಮೂಳೆ ಮಧ್ಯ ಬಿಡಿಸಿ, ಹೃದಯ, ಶ್ವಾಸಕೋಶದ ಕೆಲಸ ಮಾಡೋ ಹಾರ್ಟ್-ಲಂಗ್ ಮೆಷಿನ್ನಿಗೆ ಹಾಕಿ, ಬಲ ಮೇಲ್ಕೋಣೆಯಿಂದ ಒಳಗೆ ಹೋಗಿ ತೂತಿಗೆ ತೇಪೆ ಹೊಲಿತಾರೆ. ಮಗು ಬೆಳೆದ ಹಾಗೆ ತೇಪೆ ಬದಲಾಯಿಸ್ಬೇಕಿಲ್ಲ, ಅದರ ಮೇಲೆ ಪದರ ಬೆಳೆಯುತ್ತೆ. ಅಪಾಯಾನೂ ಹೇಳ್ತೀನಿ. ಹೃದಯದ ಬಡಿತ ನಡೆಸೋ ವಿದ್ಯುತ್ ದಾರಿ ತೂತಿನ ಅಂಚಲ್ಲೇ ಹೋಗಿರುತ್ತೆ, ಹೊಲಿಗೆ ಅದಕ್ಕೆ ತಗುಲಿದ್ರೆ ಬಡಿತ ನಿಧಾನ ಆಗುತ್ತೆ. ಅದಕ್ಕೇ ಹೊರಗಿನಿಂದ ಬಡಿತ ನಡೆಸೋಕೆ ತಾತ್ಕಾಲಿಕ ಪೇಸಿಂಗ್ ತಂತಿ ಬಿಟ್ಟಿರ್ತಾರೆ. ಏಳು-ಹತ್ತು ದಿನ ಕಾದ್ರೂ ಸರಿಹೋಗದಿದ್ರೆ ಮಾತ್ರ ಪೇಸ್‌ಮೇಕರ್, ಅದು ಬಹಳ ಕಮ್ಮಿ ಮಕ್ಕಳಿಗೆ. ತೇಪೆ ಪಕ್ಕದ ಚಿಕ್ಕ ಸೋರಿಕೆ ಎಷ್ಟೋ ಸಲ ತಾನೇ ನಿಲ್ಲುತ್ತೆ.

ಮನೆಗೆ ಬಂದ್ಮೇಲೆ ಆರು ವಾರ ಕಂಕುಳಿಗೆ ಕೈ ಹಾಕಿ ಎತ್ಬೇಡಿ. ಕತ್ತು, ಕುಂಡೆ ಕೆಳಗೆ ಕೈ ಕೊಟ್ಟು ಎತ್ತಿ. ಜ್ವರ ಬಂದ್ರೆ ಮೆಡಿಕಲ್ ಶಾಪಿನ ಆಂಟಿಬಯೋಟಿಕ್ ಬೇಡ, ಮೊದಲು ರಕ್ತದ ಕಲ್ಚರ್, ಅಂದ್ರೆ ರಕ್ತದಲ್ಲಿ ಸೋಂಕಿನ ರೋಗಾಣು ಇದ್ಯಾ ನೋಡೋ ಪರೀಕ್ಷೆ ಆಗ್ಬೇಕು.

ದುಡ್ಡಿಗೆ ಹಿಂಜರೀಬೇಡಿ. ಬಿಪಿಎಲ್ ಕಾರ್ಡಿದ್ರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ, ಮಕ್ಕಳಿಗೆ ಅಂತಲೇ ಸರ್ಕಾರದ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ಇದೆ. ಆಶಾ ಕಾರ್ಯಕರ್ತೆ ಹತ್ರ ಮಾತಾಡಿ, ಜಿಲ್ಲಾ ಆಸ್ಪತ್ರೆಯಿಂದ ರೆಫರಲ್ ಪತ್ರ ಮಾಡಿಸ್ಕೊಳ್ಳಿ. ಮಂಜೂರಾತಿ ಅಡ್ಮಿಟ್ ಆಗೋಕೆ ಮುಂಚೆನೇ ಕೇಳಿ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೇಲೂ ವಿಚಾರಿಸಿ, ವೈಟ್‌ಫೀಲ್ಡ್ ಸತ್ಯಸಾಯಿ ಆಸ್ಪತ್ರೇಲೂ ವಿಚಾರಿಸಿ. ಸರದಿ ಉದ್ದ ಅಂದ್ರೆ ಮಗೂನ ತೂಕದ ಪಟ್ಟಿ, ಎಕೋ ಎರಡನ್ನೂ ತೋರ್ಸಿ "ಎಷ್ಟು ವಾರ ಕಾಯ್ಬಹುದು" ಅಂತ ನೇರವಾಗಿ ಕೇಳಿ.

ಈ ಮಧ್ಯೆ ಮಗು ಹಾಲೇ ಮುಟ್ಟದಿದ್ರೆ, ಉಸಿರಿಗೆ ಪಕ್ಕೆ ಒಳಕ್ಕೆ ಎಳೀತಿದ್ರೆ, ತುಟಿ ನೀಲಿ ಆದ್ರೆ ರಾತ್ರಿ ಎಷ್ಟೊತ್ತಾದ್ರೂ ಹೊರಡಿ, ಬೆಳಗಾಗ್ಲಿ ಅಂತ ಇರ್ಬೇಡಿ.