ಡಿಪ್ಲೊಮಾ ಸಿಕ್ಕಿದರೂ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿರುವುದು ಏಕೆ?

ಪ್ರಶ್ನೆ: ನಮಸ್ಕಾರ ಮೇಡಂ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಗ್ರಂಥಾಲಯವೊಂದರಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅವರಲ್ಲಿ ಹೆಚ್ಚಿನವರು ಮೆಕ್ಸಿಕೊ ಮೂಲದ ಮನೆಗಳವರು. ಏಳನೇ ತರಗತಿಯ ಒಬ್ಬ ಹುಡುಗಿ ಬಹಳ ಚುರುಕು. ಹೋಟೆಲಿನಲ್ಲಿ ಕೋಣೆಗಳನ್ನು ಶುಚಿಗೊಳಿಸುವ ಕೆಲಸ ಮುಗಿಸಿ ಬರುವ ಅವಳ ತಾಯಿ, ಪಾಠ ಮುಗಿಯುವವರೆಗೂ ಹೊರಗಿನ ಬೆಂಚಿನ ಮೇಲೆ ಕಾದಿರುತ್ತಾರೆ. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಮಕ್ಕಳಲ್ಲಿ ಪದವಿ ಮುಗಿಸುವವರು ಕಡಿಮೆ ಎಂದು ಕೇಳಿದ್ದೇನೆ. ಮನೆಯಲ್ಲಿ ಓದಿನ ಬಗ್ಗೆ ಆಸಕ್ತಿ ಇಲ್ಲದಿರುವುದೇ ಇದಕ್ಕೆ ಕಾರಣವೇ?

ಉತ್ತರ: ಆ ತಾಯಿ ಕಾದು ಕೂರುವುದನ್ನು ನೀವೇ ಕಂಡಿದ್ದೀರಿ, ಆಸಕ್ತಿಗೆ ಬೇರೆ ಸಾಕ್ಷಿ ಬೇಕಿಲ್ಲ. ಅಂತರವೇನೋ ನಿಜ: 2021ರ ಜನಗಣತಿ ಇಲಾಖೆಯ ಅಂಕಿಗಳ ಪ್ರಕಾರ 25 ವರ್ಷ ದಾಟಿದ ಹಿಸ್ಪಾನಿಕ್ (ಲ್ಯಾಟಿನೊಗಳಿಗೆ ಇಲಾಖೆ ಬಳಸುವ ಹೆಸರು) ಜನರಲ್ಲಿ ಪದವಿ ಪಡೆದವರು ಶೇ. 20.6, ಹಿಸ್ಪಾನಿಕ್ ಅಲ್ಲದ ಬಿಳಿಯರಲ್ಲಿ ಶೇ. 41.9. ಆದರೆ ಶಾಲಾ ಸಲಹೆಗಾರ್ತಿಯಾಗಿ ನಾನು ಕಂಡಂತೆ, ದಾರಿ ಕವಲೊಡೆಯುವುದು ಹೈಸ್ಕೂಲಿಗೆ ಮುಂಚಿನ ಮಿಡ್ಲ್ ಸ್ಕೂಲಿನಲ್ಲೇ, ಅದೂ ಮನೆಯವರ ಗಮನಕ್ಕೆ ಬಾರದಂತೆ.

ಕ್ಯಾಲಿಫೋರ್ನಿಯಾದ ಎರಡು ಸಾರ್ವಜನಿಕ ವಿಶ್ವವಿದ್ಯಾಲಯ ವ್ಯವಸ್ಥೆಗಳಾದ ಯು.ಸಿ. (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಸಿ.ಎಸ್.ಯು. (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ)ಗಳಿಗೆ ಸೇರಲು ‘ಎ-ಜಿ’ ಎನ್ನುವ 15 ವಾರ್ಷಿಕ ಕೋರ್ಸುಗಳನ್ನು ಕನಿಷ್ಠ ‘ಸಿ’ ದರ್ಜೆಯಲ್ಲಿ ಮುಗಿಸಿರಬೇಕು. ಹೈಸ್ಕೂಲ್ ಡಿಪ್ಲೊಮಾಕ್ಕೆ, ಅಂದರೆ ಹೈಸ್ಕೂಲ್ ಮುಗಿಸಿದ ಪ್ರಮಾಣಪತ್ರಕ್ಕೆ, ರಾಜ್ಯ ಕೇಳುವುದು ಎರಡು ವರ್ಷದ ಗಣಿತ. ಎ-ಜಿ ಕೇಳುವುದು ಮೂರು. ಜೊತೆಗೆ ‘ಡಿ’ ದರ್ಜೆ ಬಂದರೆ ಶಾಲೆಯ ಲೆಕ್ಕದಲ್ಲಿ ಪಾಸು, ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಇಲ್ಲ. ಹೀಗಾಗಿ ಹೈಸ್ಕೂಲಿನ ಪದವಿಪ್ರದಾನದ ನಿಲುವಂಗಿ ತೊಟ್ಟು, ಮನೆಯವರೊಂದಿಗೆ ಫೋಟೊ ತೆಗೆಸಿಕೊಂಡ ಮಗುವಿಗೂ ಅರ್ಜಿ ಹಾಕುವ ಅರ್ಹತೆಯೇ ಇಲ್ಲದಿರಬಹುದು. ಇದು ನನ್ನನ್ನು ಇಂದಿಗೂ ನೋಯಿಸುತ್ತದೆ. ಇಂಗ್ಲಿಷ್ ಕಲಿಯುತ್ತಿರುವವರು ಎಂದು ಗುರುತಿಸಲಾದ ಮಕ್ಕಳಿಗೆ ಭಾಷಾ ತರಗತಿಯೇ ದಿನದ ಒಂದು ಪೀರಿಯಡನ್ನು ತೆಗೆದುಕೊಳ್ಳುವುದರಿಂದ, ಅವರ ವೇಳಾಪಟ್ಟಿಯಲ್ಲಿ ಈ ಕೋರ್ಸುಗಳಿಗೆ ಜಾಗ ಹೊಂದಿಸುವುದು ಇನ್ನೂ ಕಷ್ಟ.

ಪ್ರಶ್ನೆ: ಹಾಗಾದರೆ ಮೊದಲು ಕಡಿಮೆ ಖರ್ಚಿನ, ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ ಸೇರಿ, ಆಮೇಲೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದಲ್ಲವೇ?

ಉತ್ತರ: ಆಗಬಹುದು, ಬಹಳಷ್ಟು ಲ್ಯಾಟಿನೊ ಮಕ್ಕಳು ಹಿಡಿಯುವುದೂ ಅದೇ ದಾರಿಯನ್ನು. ಹಿಂದೆ ಅಲ್ಲಿ ಪದವಿಗೆ ಲೆಕ್ಕಕ್ಕೆ ಬಾರದ ಪೂರ್ವತಯಾರಿ ಗಣಿತದಲ್ಲೇ ಅನೇಕರು ಸಿಕ್ಕಿಬೀಳುತ್ತಿದ್ದರು. ಎ.ಬಿ. 705 ಎನ್ನುವ 2017ರ ರಾಜ್ಯ ಕಾನೂನು ಅದನ್ನು ಬಹುಮಟ್ಟಿಗೆ ತಡೆದಿದೆ. ಆದರೂ ಕೆಲಸ ಮಾಡಿ ಮನೆ ನಡೆಸುತ್ತಾ ಅರೆಕಾಲಿಕವಾಗಿ ಓದುವವರು ಮಧ್ಯದಲ್ಲೇ ನಿಂತುಬಿಡುವುದುಂಟು. ವಲಸೆ ದಾಖಲೆಗಳಿಲ್ಲದ ಮನೆಯವರು ಭಯಪಟ್ಟು ಸುಮ್ಮನಾಗುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಓದಿ ಹೈಸ್ಕೂಲ್ ಮುಗಿಸಿದವರಿಗೆ ರಾಜ್ಯದ ನಿವಾಸಿಗಳ ಶುಲ್ಕವೇ ಅನ್ವಯಿಸುವಂತೆ 2001ರ ಎ.ಬಿ. 540 ಕಾನೂನು ಅವಕಾಶ ಕೊಟ್ಟಿರುವುದನ್ನು ಅಂಥವರಿಗೆ ತಿಳಿಸಿ.

ನಿಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ ಮಾತ್ರ ಈಗಲೇ ಒಂದು ಕೆಲಸ ಮಾಡಿ. ಹೈಸ್ಕೂಲಿನ ಗಣಿತದ ದಾರಿ ಹೊರಡುವುದು ಮಿಡ್ಲ್ ಸ್ಕೂಲಿನ ಗಣಿತದಿಂದಲೇ. ಎಂಟನೇ ತರಗತಿಯಲ್ಲಿ ಅವಳನ್ನು ಯಾವ ಗಣಿತಕ್ಕೆ ಹಾಕಲಿದ್ದಾರೆ, ಬೀಜಗಣಿತ ಸಿಗುತ್ತದೆಯೇ ಎಂದು ತಾಯಿ ಶಾಲೆಯನ್ನು ವಿಚಾರಿಸಲಿ. ದುಭಾಷಿ ಬೇಕೆಂದು ಮೊದಲೇ ಹೇಳಲಿ. ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದು ಶಾಲೆಯ ಕಾನೂನುಬದ್ಧ ಹೊಣೆ, ಮಗಳೇ ಅನುವಾದಿಸಬೇಕಾಗಿಲ್ಲ.