'ಕಳಿಸಿದ್ದೆ' ಅಂದರೆ 'ಹ್ಯಾಡ್ ಸೆಂಟ್' ಹೌದೇ?

ಗೆಳೆಯರೇ,

ಸಣ್ಣ ಪ್ರಶ್ನೆ ಅಂದುಕೊಂಡಿದ್ದೆ, ಎರಡು ವಾರದಿಂದ ತಲೆ ತಿನ್ನುತ್ತಿದೆ.

ಲಂಡನ್ನಿನ ಗ್ರಾಹಕರೊಬ್ಬರಿಗೆ ಮೇಲ್ ಬರೆದಿದ್ದೆ: 'ಐ ಹ್ಯಾಡ್ ಸೆಂಟ್ ದ ಫೈಲ್ ಆನ್ ಮಂಡೇ.' ಆಕೆ ತಿರುಗಿ ಕೇಳಿದರು, ಆಮೇಲೇನಾಯಿತು, ಫೈಲು ವಾಪಸ್ ತಗೊಂಡಿರಾ ಅಂತ. ತಮಾಷೆಗಲ್ಲ. ಅವರಿಗೆ ನನ್ನ ಮಾತು ಅರ್ಧಕ್ಕೇ ನಿಂತ ಹಾಗೆ ಕಂಡಿತ್ತು.

ನನ್ನ ತಲೆಯಲ್ಲಿದ್ದದ್ದು 'ಸೋಮವಾರವೇ ಕಳಿಸಿದ್ದೆ'. ಶಾಲೆಯಲ್ಲಿ ಕಲಿತದ್ದು ಮಗ್ಗಿಯ ಹಾಗೆ ನೆನಪಿದೆ: ಕಳಿಸಿದೆ ಸೆಂಟ್, ಕಳಿಸಿದ್ದೇನೆ ಹ್ಯಾವ್ ಸೆಂಟ್, ಕಳಿಸಿದ್ದೆ ಹ್ಯಾಡ್ ಸೆಂಟ್. ಮೂರಕ್ಕೆ ಮೂರು, ಲೆಕ್ಕ ಸರಿ.

ಸರಿ ಇಲ್ಲ ಅಂತ ಈಗ ಅನ್ನಿಸುತ್ತಿದೆ. ಇಂಗ್ಲಿಷಿನ ಹ್ಯಾಡ್‌ಗೆ ಹಿಂದೆ ನಡೆದ ಇನ್ನೊಂದು ಸಂಗತಿ ಜೊತೆಗೆ ಬೇಕು. 'ನಾನು ಸ್ಟೇಷನ್ ತಲುಪುವಷ್ಟರಲ್ಲಿ ರೈಲು ಹೊರಟಿತ್ತು.' ತಲುಪಿದ್ದೂ ಹಿಂದೆ, ಹೊರಟದ್ದು ಅದಕ್ಕೂ ಹಿಂದೆ. ಇಲ್ಲಿ 'ಹ್ಯಾಡ್ ಲೆಫ್ಟ್' ಸರಿಯಾಗಿ ಕೂರುತ್ತದೆ. ಇಂಥ ಕಡೆ ಎರಡೂ ಭಾಷೆ ಹೊಂದುವುದರಿಂದಲೇ ನಾವು ಬೇರೆ ಕಡೆ ಮೋಸ ಹೋಗುವುದು.

ಕನ್ನಡದ 'ಇದ್ದೆ'ಗೆ ಇನ್ನೊಂದು ಕೆಲಸವೂ ಇದೆ. 'ಕನ್ನಡಕ ಮೇಜಿನ ಮೇಲೆ ಇಟ್ಟಿದ್ದೇನೆ' ಅಂದರೆ ಹೋಗಿ ನೋಡಿ, ಅಲ್ಲೇ ಇರುತ್ತದೆ. 'ಇಲ್ಲೇ ಇಟ್ಟಿದ್ದೆನಲ್ಲ!' ಅಂದರೆ ಮನೆಯವರೆಲ್ಲ ಹುಡುಕಲು ಶುರು ಮಾಡುತ್ತಾರೆ. 'ನಿನ್ನೆ ನಿಮ್ಮ ಮನೆಗೆ ಬಂದಿದ್ದೆ' ಅಂದರೆ ಬಂದೆ, ಹೋದೆ, ಈಗ ಅಲ್ಲಿಲ್ಲ. ಯಾವುದಕ್ಕಿಂತ ಮೊದಲು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಆಗ ಮಾಡಿದ್ದು ಈಗ ಹಾಗೇ ಉಳಿದಿಲ್ಲ, ಅಥವಾ ಉಳಿದಿದೆಯೋ ಇಲ್ಲವೋ ಅನುಮಾನ, ಅಷ್ಟೇ. ಇದಕ್ಕೆಲ್ಲ ಇಂಗ್ಲಿಷಿನವರು ಬರೀ 'ಪುಟ್', 'ಕೇಮ್' ಅನ್ನುತ್ತಾರೆ. 'ನಾನು ಆಗಲೇ ಹೇಳಿರಲಿಲ್ವಾ?' ಅನ್ನುವುದಕ್ಕೂ ಅವರದು 'ಐ ಟೋಲ್ಡ್ ಯು ಸೋ', ಹ್ಯಾಡ್‌ನ ಸುಳಿವೇ ಇಲ್ಲ. ನನ್ನ ಮೇಲಿಗೂ ಬರೀ 'ಸೆಂಟ್' ಸಾಕಿತ್ತು. (ಮೇಲೆ ನಾನೇ 'ಮೇಲ್ ಬರೆದಿದ್ದೆ' ಅಂತ ಬರೆದದ್ದು ಗಮನಿಸಿ. ಅಭ್ಯಾಸಬಲ.)

'ಹ್ಯಾವ್' ಕಥೆಯೂ ಹೀಗೇ. 'ನಿನ್ನೆ ಕಳಿಸಿದ್ದೇನೆ' ನಮಗೆ ಸಲೀಸು. ಇಂಗ್ಲಿಷಿನಲ್ಲಿ ಹ್ಯಾವ್ ಜೊತೆ ಯೆಸ್ಟರ್‌ಡೇ ಕೂರುವುದಿಲ್ಲ. ದಿನ ಹೇಳಿದರೆ ಹ್ಯಾವ್ ಬಿಡಬೇಕು.

ಯಾಕೆ ಹೀಗೆ ಅಂತ ಕೆದಕಿದರೆ ಒಂದು ಚಂದದ ಸಂಗತಿ ಸಿಗುತ್ತದೆ. ಹ್ಯಾವ್ ಮೊದಲಿಗೆ ನಿಜವಾಗಿಯೂ 'ನನ್ನ ಬಳಿ ಇದೆ' ಅನ್ನುವ ಮಾತು. ಬರೆದು ಮುಗಿಸಿದ ಕಾಗದ ನನ್ನ ಕೈಯಲ್ಲಿದೆ ಅನ್ನುವುದು ಸವೆದು ಸವೆದು 'ಬರೆದಿದ್ದೇನೆ' ಆಯಿತು. ನಮ್ಮದು 'ಇರು' ಹಿಡಿದು ಬಂದದ್ದು: ಬರೆದು ಇದ್ದೇನೆ, ಬರೆದಿದ್ದೇನೆ. ಹೋಗು, ಬರು, ಏಳು ಥರದ ಕ್ರಿಯಾಪದಗಳಿಗೆ ಹಳೆಯ ಇಂಗ್ಲಿಷಿನಲ್ಲೂ 'ಇರು'ವೇ ಸೇರುತ್ತಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು 'ಈಸ್ ರಿಸನ್', ನಮ್ಮ 'ಎದ್ದಿದ್ದಾನೆ' ಹಾಗೇ. ಆಮೇಲೆ ಹ್ಯಾವ್ ಎಲ್ಲವನ್ನೂ ನುಂಗಿಕೊಂಡಿತು.

ಇನ್ನು 'ಹೋಗುತ್ತಿದ್ದೆ' ಒಂದೇ ಇಟ್ಟುಕೊಂಡು 'ವಾಸ್ ಗೋಯಿಂಗ್', 'ಯೂಸ್ಡ್ ಟು ಗೋ' ಎರಡನ್ನೂ ನಾವು ನಡೆಸುವ ವಿಷಯ ಇನ್ನೊಂದು ದಿನಕ್ಕಿರಲಿ. ಒಳಗಿಂದ ಕರೆದರೆ ಏಳದೆಯೇ 'ಬಂದೆ ಬಂದೆ' ಅಂತ ಭೂತಕಾಲದಲ್ಲಿ ಕೂಗುವ ಜನ ನಾವು, ಅದರದೇ ಬೇರೆ ಪುರಾಣ.

ನನ್ನ ಪ್ರಶ್ನೆ ಹೆಸರಿನದು. ವ್ಯಾಕರಣದ ಪುಸ್ತಕಗಳಲ್ಲಿ 'ಹೊರಟಿತ್ತು'ವಿಗೂ 'ಇಲ್ಲೇ ಇಟ್ಟಿದ್ದೆ'ಗೂ ಒಂದೇ ಪಟ್ಟಿ ಅಂಟಿಸಿರುತ್ತಾರೆ, ಪೂರ್ಣಭೂತ ಅಂತ. ಎರಡನೆಯದಕ್ಕೆ ಬೇರೆ ಹೆಸರು ಬೇಡವೇ? 'ಮುರಿದ ಭೂತ' ಅನ್ನೋಣ ಅಂದರೆ ಮನೆಯಲ್ಲಿ ನಗುತ್ತಾರೆ. ಹಾಗೇ ಇನ್ನೊಂದು: ಕನ್ನಡಕ ಕಾಣದೆ ಹೋದಾಗ 'ಇಲ್ಲೇ ಇಟ್ಟಿದ್ದೆ' ಅನ್ನದೆ 'ಇಲ್ಲೇ ಇಟ್ಟೆ' ಅನ್ನುವವರು ನಿಮ್ಮ ಊರ ಕಡೆ ಇದ್ದಾರಾ?