ರಾಜದ್ರೋಹದ ಕೈದಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಆಗಿದ್ದು ಹೇಗೆ?

ಹಳೇಪುಟ:
1803ರಲ್ಲಿ ಡಬ್ಲಿನ್‌ನಲ್ಲಿ ಗಲ್ಲಿಗೇರಿದ ಐರಿಷ್ ಬಂಡಾಯಗಾರ ರಾಬರ್ಟ್ ಎಮೆಟ್ ಬಗ್ಗೆ ಬೇಕಾದಷ್ಟು ಓದಲು ಸಿಗುತ್ತದೆ. ನನಗೆ ಅವರ ಅಣ್ಣ ಥಾಮಸ್ ಆಡಿಸ್ ಎಮೆಟ್ ಬಗ್ಗೆ ಕುತೂಹಲ. ಬ್ರಿಟಿಷರ ಜೈಲಿನಲ್ಲಿದ್ದ ಮನುಷ್ಯ 1812ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್, ಅಂದರೆ ಸರ್ಕಾರದ ಮುಖ್ಯ ವಕೀಲ! ಹೊರಗಿನಿಂದ ಬಂದವರನ್ನು ಅಲ್ಲಿನ ವಕೀಲರು ಅಷ್ಟು ಸುಲಭಕ್ಕೆ ಒಳಗೆ ಬಿಟ್ಟುಕೊಂಡರಾ?

ಕರಿಕೋಟು:
ಸುಲಭಕ್ಕೆಲ್ಲಿ ಬಿಟ್ಟರು! ಥಾಮಸ್ ಮೊದಲು ಡಾಕ್ಟರಿಕೆ ಓದಿದವರು, ಅವರಿಗಿಂತ ದೊಡ್ಡ ಅಣ್ಣ ತೀರಿಕೊಂಡ ಮೇಲೆ ಕಾನೂನಿಗೆ ಬಂದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಿಂತಿದ್ದ ಯುನೈಟೆಡ್ ಐರಿಷ್‌ಮೆನ್ ಸಂಘಟನೆಯ ಮುಖಂಡರೆಂದು 1798ರ ಮಾರ್ಚ್‌ನಲ್ಲಿ ಹಿಡಿದರು. ವಿಚಾರಣೆ ಮಾತ್ರ ನಡೆಯಲೇ ಇಲ್ಲ. ಸಂಘಟನೆಯ ವಿಷಯ ಹೇಳುತ್ತೇವೆ, ಯಾರ ಹೆಸರನ್ನೂ ಹೇಳುವುದಿಲ್ಲ, ನಮ್ಮನ್ನು ದೇಶದಿಂದ ಕಳಿಸಿಬಿಡಿ ಅಂತ ಕೈದಿಗಳು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡರು. ಹೋಗಬೇಕಿದ್ದದ್ದು ಅಮೆರಿಕಕ್ಕೇ. ಆದರೆ ಲಂಡನ್‌ನಲ್ಲಿದ್ದ ಅಮೆರಿಕದ ರಾಯಭಾರಿ ರೂಫಸ್ ಕಿಂಗ್, ಇವರು ನಮಗೆ ಬೇಡ ಅಂತ ಅಡ್ಡಗಾಲು ಹಾಕಿದರು. ಹಾಗಾಗಿ ಸ್ಕಾಟ್ಲೆಂಡ್‌ನ ಫೋರ್ಟ್ ಜಾರ್ಜ್ ಕೋಟೆಯಲ್ಲಿ 1802ರವರೆಗೆ ಕೊಳೆಯಬೇಕಾಯಿತು.

ಬಿಡುಗಡೆಯಾದ ಮೇಲೆ ಪ್ಯಾರಿಸ್‌ಗೆ ಹೋಗಿ ನೆಪೋಲಿಯನ್ ಸಹಾಯ ಕೇಳಿದರು, ಗಿಟ್ಟಲಿಲ್ಲ. 1804ರಲ್ಲಿ ನ್ಯೂಯಾರ್ಕ್‌ಗೆ ಬಂದಾಗ ವಯಸ್ಸು 40. ಫೆಡರಲಿಸ್ಟ್ ಪಕ್ಷದ ವಕೀಲರು ವಿರೋಧಿಸಿದರು, ಅವರ ಎದುರಾಳಿಗಳಾದ ನ್ಯೂಯಾರ್ಕ್‌ನ ಅಂದಿನ ಕ್ಲಿಂಟನ್ ಮನೆತನದ ಬಣದವರು ಬೆನ್ನಿಗೆ ನಿಂತರು.

ಮಜಾ ಇರುವುದು 1807ರಲ್ಲಿ. ಅದೇ ಕಿಂಗ್ ನ್ಯೂಯಾರ್ಕ್‌ನಲ್ಲಿ ಚುನಾವಣೆಗೆ ನಿಂತರು. ಎಮೆಟ್ ಹಳೇ ಲೆಕ್ಕವನ್ನೆಲ್ಲ ಬಿಚ್ಚಿಟ್ಟು ಅವರಿಗೆ ಬಹಿರಂಗ ಪತ್ರ ಬರೆದರು. ಕಿಂಗ್ ಸೋತರು. ಪತ್ರದಿಂದಲೇ ಸೋತರು ಅಂತ ನಾನು ಹೇಳುವುದಿಲ್ಲ, ಆದರೆ ಐರಿಷ್ ಮತದಾರರು ಅದನ್ನು ಓದದೆ ಬಿಟ್ಟಿರುತ್ತಾರಾ?

ಹೊಳೆದಂಡೆ:
ಎಲ್ಲರೂ ಹೊಗಳುತ್ತೀರಿ, ಸರಿ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನಡೆದ ಗಿಬ್ಬನ್ಸ್ ವಿರುದ್ಧ ಆಗ್ಡನ್ ಕೇಸಿನಲ್ಲಿ ಎಮೆಟ್ ಯಾರ ಪರ ಇದ್ದರು? ಹಬೆದೋಣಿ ಕಟ್ಟಿದ ರಾಬರ್ಟ್ ಫುಲ್ಟನ್ ಮತ್ತು ಅವರ ಪಾಲುದಾರ ಲಿವಿಂಗ್‌ಸ್ಟನ್ ಪಡೆದಿದ್ದ ಏಕಸ್ವಾಮ್ಯದ ಪರ! ನ್ಯೂಯಾರ್ಕ್ ನೀರಿನಲ್ಲಿ ಬೇರೆ ಯಾರೂ ಹಬೆದೋಣಿ ಓಡಿಸಬಾರದಂತೆ. 1824ರಲ್ಲಿ ಎದುರು ಕಕ್ಷಿಯ ವಕೀಲ ಡೇನಿಯಲ್ ವೆಬ್‌ಸ್ಟರ್ ಎದುರು ಸೋತರು. ಸೋತಿದ್ದೇ ಒಳ್ಳೆಯದಾಯಿತು. ರಾಜ್ಯದಿಂದ ರಾಜ್ಯಕ್ಕೆ ನಡೆಯುವ ವ್ಯಾಪಾರಕ್ಕೆ ದಾರಿ ತೆರೆದಿದ್ದೇ ಆ ತೀರ್ಪು.

ಕರಿಕೋಟು:
ಫೀಸು ಕೊಟ್ಟ ಕಕ್ಷಿದಾರನ ಪರ ವಾದಿಸುವುದೇ ವಕೀಲನ ಕೆಲಸ ಅಲ್ವಾ ಸರ್? ಫುಲ್ಟನ್ ಜೊತೆ ಸ್ನೇಹವೂ ಇತ್ತು. 1815ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಹಡ್ಸನ್ ನದಿ ದಾಟುವಾಗ ಎಮೆಟ್ ಕಾಲಡಿಯ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದರಂತೆ, ಎಳೆದು ಮೇಲೆ ತಂದವರು ಫುಲ್ಟನ್. ಆ ಥಂಡಿಯೇ ಫುಲ್ಟನ್ ಪ್ರಾಣ ತೆಗೆಯಿತು ಅನ್ನುತ್ತಾರೆ.

ಹಳೇಪುಟ:
ಇಬ್ಬರಿಗೂ ಥ್ಯಾಂಕ್ಸ್. ಕಿಂಗ್‌ಗೆ ಬರೆದ ಆ ಪತ್ರ ಪೂರ್ತಿಯಾಗಿ ಎಲ್ಲಿ ಸಿಗುತ್ತದೆ?